ವೈನ್‌ಸ್ಟೀನ್: ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಕಾಪಾಡಿದ ಕಾಗದಗಳು

ಹಾರ್ವಿ ವೈನ್‌ಸ್ಟೀನ್ ಅಂದರೆ ಇವತ್ತಿನವರಿಗೆ ಮೊದಲು ನೆನಪಾಗೋದು ಮೀಟೂ. ನನ್ನ ವಯಸ್ಸಿನವರಿಗೆ ಅದಕ್ಕೂ ಹಿಂದಿನ ಒಂದು ನೆನಪಿದೆ. ಕಾಲೇಜು ದಿನಗಳಲ್ಲಿ ಮೆಜೆಸ್ಟಿಕ್‌ನ ಫುಟ್‌ಪಾತ್‌ನಲ್ಲಿ ಡಿವಿಡಿ ಹುಡುಕುವಾಗ ಗೆಳೆಯನೊಬ್ಬ ಕೊಟ್ಟ ಸಲಹೆ: ಕವರ್ ಮೇಲೆ ಮಿರಮ್ಯಾಕ್ಸ್ ಅಂತಿದ್ದರೆ ಕಣ್ಣು ಮುಚ್ಚಿ ತಗೋ. ಹಾಗೇ ತಗೊಂಡೆವು ಕೂಡ. 'ಪಲ್ಪ್ ಫಿಕ್ಷನ್' ಅನ್ನು ಹಾಸ್ಟೆಲ್ ರೂಮಿನಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಆ ಲೋಗೋ ಹಿಂದಿನ ಮನುಷ್ಯ ಯಾರು ಅಂತ ಕೇಳಬೇಕು ಅನ್ನಿಸಿರಲೇ ಇಲ್ಲ.

2017ರ ಅಕ್ಟೋಬರ್‌ನಲ್ಲಿ ಅದು ಗೊತ್ತಾಯಿತು. ಗೊತ್ತಾದ ಕೂಡಲೇ ಅಲ್ಲೂ ಇಲ್ಲೂ ಎದ್ದ ಪ್ರಶ್ನೆ ಒಂದೇ: ಆ ಹೆಣ್ಣುಮಕ್ಕಳು ಇಷ್ಟು ವರ್ಷ ಯಾಕೆ ಸುಮ್ಮನಿದ್ದರು? ಇಂಥ ಪ್ರತಿ ಪ್ರಕರಣದಲ್ಲೂ ಈ ಪ್ರಶ್ನೆ ಬರುತ್ತೆ. ಆದರೆ ವೈನ್‌ಸ್ಟೀನ್ ವೃತ್ತಿಜೀವನವನ್ನು ಸ್ವಲ್ಪ ಕೂತು ಓದಿದರೆ ಪ್ರಶ್ನೆಯೇ ತಪ್ಪು ಅನ್ನಿಸುತ್ತೆ. ಅವರಲ್ಲಿ ಹಲವರು ಸುಮ್ಮನಿರಲಿಲ್ಲ. ಮೇಲಿನವರಿಗೆ ಹೇಳಿದರು, ವಕೀಲರ ಹತ್ತಿರ ಹೋದರು, ಒಬ್ಬರು ಪೊಲೀಸ್ ಠಾಣೆಗೂ ಹೋದರು. ಆಮೇಲೆ ಅವರ ಮೌನವನ್ನು ಕರಾರುಪತ್ರದಲ್ಲಿ ಬರೆಸಿ, ಬೆಲೆ ಕಟ್ಟಿ, ಸಹಿ ಹಾಕಿಸಿಕೊಳ್ಳಲಾಯಿತು.

ಮೊದಲು ಆತನ ಏರುದಾರಿ. 1952ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಹುಟ್ಟಿದ ಹಾರ್ವಿ, ಬಫಲೋ ನಗರದಲ್ಲಿ ಸಂಗೀತ ಕಛೇರಿ ನಡೆಸುತ್ತಿದ್ದವನು. 1979ರಲ್ಲಿ ತಮ್ಮ ಬಾಬ್ ಜೊತೆ ಸೇರಿ ಸಿನಿಮಾ ವಿತರಣೆಗೆ ಇಳಿದ. ಅಮ್ಮ ಮಿರಿಯಮ್, ಅಪ್ಪ ಮ್ಯಾಕ್ಸ್. ಎರಡೂ ಸೇರಿ ಮಿರಮ್ಯಾಕ್ಸ್. ದೊಡ್ಡ ಸ್ಟುಡಿಯೋಗಳು ಮುಟ್ಟದ ಸಣ್ಣ ಸಿನಿಮಾಗಳನ್ನು ಕೊಂಡು, ಗದ್ದಲ ಎಬ್ಬಿಸಿ ಮಾರೋದು ಇವರ ದಂಧೆ. 1989ರಲ್ಲಿ ಸ್ಟೀವನ್ ಸೋಡರ್‌ಬರ್ಗ್‌ನ 'ಸೆಕ್ಸ್, ಲೈಸ್ ಅಂಡ್ ವಿಡಿಯೋಟೇಪ್' ಕಾನ್‌ನಲ್ಲಿ ಅತ್ಯುನ್ನತ ಪ್ರಶಸ್ತಿ ಗೆದ್ದು, ಗಲ್ಲಾಪೆಟ್ಟಿಗೆಯಲ್ಲೂ ಗೆದ್ದಿತು. 1993ರಲ್ಲಿ ಡಿಸ್ನಿ ಕಂಪನಿ ಮಿರಮ್ಯಾಕ್ಸನ್ನೇ ಕೊಂಡುಕೊಂಡಿತು, ಸೋದರರು ಅದರ ಮುಖ್ಯಸ್ಥರಾಗಿ ಉಳಿದರು. ಮರುವರ್ಷ ಬಂದ 'ಪಲ್ಪ್ ಫಿಕ್ಷನ್'ಗೆ ಆದ ಖರ್ಚು ಸುಮಾರು 80 ಲಕ್ಷ ಡಾಲರ್, ಜಗತ್ತಿನಾದ್ಯಂತ ಗಳಿಸಿದ್ದು 20 ಕೋಟಿ ಡಾಲರ್‌ಗೂ ಹೆಚ್ಚು.

ಆತನ ನಿಜವಾದ ಪ್ರತಿಭೆ ಇದ್ದದ್ದು ಸಿನಿಮಾ ತೆಗೆಯೋದರಲ್ಲಿ ಅಲ್ಲ, ಸಿನಿಮಾ ಬಗ್ಗೆ ಜನ ಏನು ಮಾತಾಡಬೇಕು ಅಂತ ತೀರ್ಮಾನಿಸೋದರಲ್ಲಿ. ಆಸ್ಕರ್ ಪ್ರಶಸ್ತಿಯನ್ನು ಆತ ಚುನಾವಣೆ ಥರ ನಡೆಸಿದ. ಮತದಾರರಿಗೆ ಖಾಸಗಿ ಪ್ರದರ್ಶನ, ಫೋನ್ ಕರೆ, ಪಾರ್ಟಿ, ಪತ್ರಿಕೆಗಳಲ್ಲಿ ಜಾಹೀರಾತಿನ ಸುರಿಮಳೆ. 1999ರಲ್ಲಿ 'ಸೇವಿಂಗ್ ಪ್ರೈವೇಟ್ ರಯಾನ್' ಗೆದ್ದೇ ಗೆಲ್ಲುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾಗ 'ಶೇಕ್ಸ್‌ಪಿಯರ್ ಇನ್ ಲವ್' ಅತ್ಯುತ್ತಮ ಚಿತ್ರವಾಯಿತು. ಅದು ಈ ಪ್ರಚಾರದ ಫಲ ಅಂತ ಹಾಲಿವುಡ್ ಇವತ್ತಿಗೂ ಮಾತಾಡಿಕೊಳ್ಳುತ್ತೆ.

ಬೇರೆಯವರ ಸಿನಿಮಾಗಳನ್ನು ಕತ್ತರಿಸೋದು ಆತನ ಇನ್ನೊಂದು ಚಟ. 'ಪ್ರಿನ್ಸೆಸ್ ಮೊನೊನೊಕೆ' ವಿತರಣೆಯ ಸಮಯದಲ್ಲಿ ಹಯಾವೊ ಮಿಯಾಝಾಕಿಯ ನಿರ್ಮಾಪಕರು ಆತನಿಗೆ ಒಂದು ಜಪಾನಿ ಖಡ್ಗವನ್ನೇ ಉಡುಗೊರೆ ಕೊಟ್ಟರು. ಅದರ ಜೊತೆಗಿದ್ದ ಸಂದೇಶ, ಕತ್ತರಿ ಹಾಕಬೇಡ. ಈ ಕಥೆಯನ್ನು ಸಿನಿಮಾ ಮಂದಿ ನಗ್ತಾ ಹೇಳ್ತಾರೆ, ನಾನೂ ಹೇಳಿದ್ದೀನಿ. ಆದರೆ 2017ರ ಡಿಸೆಂಬರ್‌ನಲ್ಲಿ ಸಲ್ಮಾ ಹಯೆಕ್ ಬರೆದದ್ದನ್ನು ಓದಿದ ಮೇಲೆ ನಗು ಬರಲ್ಲ. 'ಫ್ರೀಡಾ' ಚಿತ್ರೀಕರಣದ ವೇಳೆ, ಇನ್ನೊಬ್ಬ ನಟಿಯೊಂದಿಗೆ ನಗ್ನ ದೃಶ್ಯ ಸೇರಿಸದಿದ್ದರೆ ಸಿನಿಮಾ ಮುಗಿಸೋಕೇ ಬಿಡಲ್ಲ ಅನ್ನೋ ಒತ್ತಡ ಹಾಕಿದ, ಅದಕ್ಕೂ ಮುಂಚೆ ತಾನು ಆತನ ಬೇಡಿಕೆಗಳನ್ನು ಮತ್ತೆ ಮತ್ತೆ ನಿರಾಕರಿಸಿದ್ದೆ ಅಂತ ಅವರು ಬರೆದರು. ಆತ ಇದನ್ನು ಅಲ್ಲಗಳೆದ. ಸಿನಿಮಾವನ್ನು ನಿಲ್ಲಿಸಬಲ್ಲ ಅಧಿಕಾರ, ಹೆಣ್ಣಿನ ಮೇಲೆ ಒತ್ತಡ ಹಾಕಬಲ್ಲ ಅಧಿಕಾರ ಎರಡೂ ಒಂದೇ ಕೈಯಲ್ಲಿದ್ದವು.

ಇದು ಗುಟ್ಟಾಗಿತ್ತಾ? 2013ರ ಜನವರಿಯಲ್ಲಿ ಆಸ್ಕರ್ ನಾಮನಿರ್ದೇಶನ ಘೋಷಿಸುವ ವೇದಿಕೆಯಲ್ಲೇ ನಿರೂಪಕ ಸೆತ್ ಮ್ಯಾಕ್‌ಫರ್ಲೇನ್, ಈ ಐವರು ನಟಿಯರು ಇನ್ನು ಹಾರ್ವಿಯ ಮೇಲೆ ಆಕರ್ಷಣೆ ಇದೆ ಅಂತ ನಟಿಸಬೇಕಿಲ್ಲ ಅನ್ನೋ ಅರ್ಥದ ಜೋಕ್ ಹೊಡೆದ. ಸಭೆ ನಕ್ಕಿತು. ನಗಬೇಕಾದರೆ ವಿಷಯ ಗೊತ್ತಿರಬೇಕು ಅಲ್ವಾ?

ಗೊತ್ತಿದ್ದೂ ಅದು ಸುದ್ದಿಯಾಗದಂತೆ ತಡೆದದ್ದು ಹೇಗೆ ಅನ್ನೋದಕ್ಕೆ ಲಂಡನ್ನಿನ ಒಂದು ಪ್ರಕರಣ ನೋಡಿ. 1998ರ ವೆನಿಸ್ ಚಿತ್ರೋತ್ಸವದಲ್ಲಿ ಮಿರಮ್ಯಾಕ್ಸ್‌ನ ಲಂಡನ್ ಕಚೇರಿಯ ಸಹಾಯಕಿ ರೊವೀನಾ ಚಿಯು, ವೈನ್‌ಸ್ಟೀನ್ ತನ್ನ ಮೇಲೆ ಅತ್ಯಾಚಾರಕ್ಕೆ ಯತ್ನಿಸಿದ ಅಂತ ಸಹೋದ್ಯೋಗಿ ಜೆಲ್ಡಾ ಪರ್ಕಿನ್ಸ್‌ಗೆ ಹೇಳಿದರು. ಪರ್ಕಿನ್ಸ್‌ಗೆ ಆಗಿನ್ನೂ ಇಪ್ಪತ್ತನಾಲ್ಕು. ಆಕೆ ನೇರವಾಗಿ ಬಾಸ್‌ನನ್ನೇ ಪ್ರಶ್ನಿಸಿದರು, ಇಬ್ಬರೂ ಕೆಲಸ ಬಿಟ್ಟರು, ವಕೀಲರ ಹತ್ತಿರ ಹೋದರು. ಅವರಿಗೆ ಬೇಕಿದ್ದದ್ದು ಆತನನ್ನು ತಡೆಯೋದು. ಸಿಕ್ಕಿದ ಸಲಹೆ, ನಿಮ್ಮ ಮಾತಿಗೂ ಆತನ ಮಾತಿಗೂ ತಾಳೆ ಹಾಕಿದರೆ ನಿಮ್ಮನ್ನು ಯಾರೂ ನಂಬಲ್ಲ, ಒಪ್ಪಂದ ಮಾಡಿಕೊಳ್ಳಿ.

ಅಕ್ಟೋಬರ್ 1998ರಲ್ಲಿ ಸಹಿ ಬಿತ್ತು. ತಲಾ 1,25,000 ಪೌಂಡ್. ಅದಕ್ಕೆ ಬದಲಾಗಿ ನಡೆದದ್ದನ್ನು ಯಾರಿಗೂ ಹೇಳುವಂತಿಲ್ಲ. ಮನೆಯವರ ಹತ್ತಿರ ಮಾತಾಡೋಕೂ ನಿರ್ಬಂಧ. ಮನೋವೈದ್ಯರ ಹತ್ತಿರ ಹೋಗಬೇಕಾದರೆ ಆ ವೈದ್ಯರೂ ಗೋಪ್ಯತೆಯ ಕರಾರಿಗೆ ಸಹಿ ಹಾಕಬೇಕು. ತಾವು ಸಹಿ ಹಾಕಿದ ಒಪ್ಪಂದದ ಪೂರ್ತಿ ಪ್ರತಿಯನ್ನು ಇಟ್ಟುಕೊಳ್ಳುವ ಹಕ್ಕೂ ಅವರಿಗಿರಲಿಲ್ಲ. ಯಾವುದಕ್ಕೆ ಬಾಯಿ ಕಟ್ಟಿದ್ದಾರೆ ಅಂತ ಓದಿ ನೆನಪಿಸಿಕೊಳ್ಳೋಕೂ ಆಗದ ಸ್ಥಿತಿ! ಪರ್ಕಿನ್ಸ್ ಹಟ ಹಿಡಿದು ಕೆಲವು ಷರತ್ತು ಹಾಕಿಸಿದ್ದರು. ಆತ ಚಿಕಿತ್ಸೆ ಪಡೆಯಬೇಕು, ಕಂಪನಿಯಲ್ಲಿ ದೂರು ಕೇಳುವವರನ್ನು ನೇಮಿಸಬೇಕು, ಎರಡು ವರ್ಷದೊಳಗೆ ಇಂಥದ್ದೇ ಇನ್ನೊಂದು ದೊಡ್ಡ ಪರಿಹಾರ ಕೊಡಬೇಕಾಗಿ ಬಂದರೆ ಡಿಸ್ನಿಗೆ ತಿಳಿಸಬೇಕು, ಇಲ್ಲವೇ ಆತನನ್ನು ತೆಗೆಯಬೇಕು. ಆದರೆ ಈ ಷರತ್ತುಗಳು ಪಾಲನೆಯಾದವಾ ಅಂತ ನೋಡುವವರು ಯಾರು? ನೋಡಬಲ್ಲವರ ಬಾಯನ್ನು ಅದೇ ಕಾಗದ ಕಟ್ಟಿಹಾಕಿತ್ತು.

ಪರ್ಕಿನ್ಸ್ 2017ರ ಅಕ್ಟೋಬರ್‌ನಲ್ಲಿ ಕರಾರು ಮುರಿದು ಮಾತಾಡಿದರು. ಚಿಯು ತನ್ನ ಹೆಸರಿನಲ್ಲಿ ಮಾತಾಡಿದ್ದು 2019ರಲ್ಲಿ, ಇಪ್ಪತ್ತೊಂದು ವರ್ಷದ ನಂತರ.

ಕಾಗದದ ಜೊತೆ ಬೇರೆ ಆಯುಧಗಳೂ ಇದ್ದವು. ತಾನು 'ಲಾರ್ಡ್ ಆಫ್ ದಿ ರಿಂಗ್ಸ್' ತಯಾರಿಯಲ್ಲಿದ್ದಾಗ ಮೀರಾ ಸೊರ್ವಿನೊ, ಆಶ್ಲಿ ಜಡ್ ಜೊತೆ ಕೆಲಸ ಮಾಡೋದು ಕಷ್ಟ, ತಗೋಬೇಡಿ ಅಂತ ಮಿರಮ್ಯಾಕ್ಸ್ ಎಚ್ಚರಿಸಿತ್ತು ಎಂದು ನಿರ್ದೇಶಕ ಪೀಟರ್ ಜಾಕ್ಸನ್ 2017ರಲ್ಲಿ ಹೇಳಿದರು. ಇಬ್ಬರೂ ಆತನ ವಿರುದ್ಧ ಆರೋಪ ಮಾಡಿದವರು. ತಮ್ಮ ಅವಕಾಶಗಳು ಯಾಕೆ ಕರಗಿದವು ಅನ್ನೋದಕ್ಕೆ ಅವರಿಗೆ ಸಿಕ್ಕ ಮೊದಲ ಸಾಕ್ಷಿ ಅದು. (ವೈನ್‌ಸ್ಟೀನ್ ಇದನ್ನೂ ನಿರಾಕರಿಸಿದ.) 2015ರ ಮಾರ್ಚ್‌ನಲ್ಲಿ ರೂಪದರ್ಶಿ ಆಂಬ್ರಾ ಬಟಿಲಾನಾ ಗುಟಿಯೆರೆಸ್ ಪೊಲೀಸರಿಗೆ ದೂರು ಕೊಟ್ಟು, ಅವರ ಸೂಚನೆಯಂತೆ ಗುಪ್ತ ಮೈಕ್ ಧರಿಸಿ ಆತನ ಮಾತನ್ನು ರೆಕಾರ್ಡ್ ಮಾಡಿದರು. ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕೇಸು ಹಾಕಲಿಲ್ಲ. ಆಕೆಯ ಹೆಸರು ಮಾತ್ರ ಟ್ಯಾಬ್ಲಾಯ್ಡ್‌ಗಳಲ್ಲಿ ಹರಿದಾಡಿತು. ಕೊನೆಗೆ ಅದೂ ಹತ್ತು ಲಕ್ಷ ಡಾಲರ್‌ನ ಒಂದು ಒಪ್ಪಂದವಾಯಿತು.

ಇನ್ನೂ ವಿಚಿತ್ರವಾದದ್ದು ಆತನ ಸ್ವಂತ ಉದ್ಯೋಗದ ಕರಾರು. ಡಿಸ್ನಿ ಬಿಟ್ಟು 2005ರಲ್ಲಿ ಸೋದರರು ಕಟ್ಟಿದ ವೈನ್‌ಸ್ಟೀನ್ ಕಂಪನಿ ಆತನೊಂದಿಗೆ 2015ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಆತನ ದುರ್ನಡತೆಗಾಗಿ ಕಂಪನಿ ಪರಿಹಾರ ಕೊಡಬೇಕಾಗಿ ಬಂದರೆ ಆತ ದಂಡ ಕಟ್ಟಬೇಕು ಅನ್ನೋ ಕಲಮು ಇತ್ತು ಅಂತ ವರದಿಯಾಯಿತು. ಮೊದಲ ಸಲಕ್ಕೆ 2,50,000 ಡಾಲರ್, ಎರಡನೇ ಸಲಕ್ಕೆ 5,00,000, ಹೀಗೆ ಏರುತ್ತಾ ಹೋಗುವ ದರಪಟ್ಟಿ. ಟ್ರಾಫಿಕ್ ಫೈನ್ ಥರ! ಎರಡನೇ, ಮೂರನೇ ಸಲ ಆಗುತ್ತೆ ಅನ್ನೋದನ್ನು ಮೊದಲೇ ಊಹಿಸಿ ಬರೆದ ಕಾಗದ ಇದು. ಅಷ್ಟೇ ಅಲ್ಲ, ಇಂಥ ಗೋಪ್ಯ ಪರಿಹಾರಗಳನ್ನು ಅಮೆರಿಕದ ಕಂಪನಿಗಳು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಅದಕ್ಕೆ ತಡೆ ಬಿದ್ದದ್ದು 2017ರ ಡಿಸೆಂಬರ್‌ನ ತೆರಿಗೆ ಕಾನೂನಿನಲ್ಲಿ.

ನಮ್ಮಂಥವರಿಗೆ ಕಹಿ ಅನ್ನಿಸಬೇಕಾದ ಮಾತೊಂದಿದೆ. ಈತ ಬಲಪಂಥೀಯ ಖಳನಾಯಕನಲ್ಲ. ಡೆಮಾಕ್ರಟಿಕ್ ಪಕ್ಷದ ದೊಡ್ಡ ದಾನಿ, ಒಬಾಮ ಮತ್ತು ಹಿಲರಿ ಕ್ಲಿಂಟನ್‌ಗಾಗಿ ನಿಧಿ ಸಂಗ್ರಹಿಸಿದವನು. ಕಾಲೇಜು ಕ್ಯಾಂಪಸ್‌ಗಳ ಲೈಂಗಿಕ ಹಿಂಸೆ ಕುರಿತ 'ದಿ ಹಂಟಿಂಗ್ ಗ್ರೌಂಡ್' ಸಾಕ್ಷ್ಯಚಿತ್ರವನ್ನು ಹಂಚಿದ್ದು ಆತನ ಕಂಪನಿಯೇ. 2017ರ ಜನವರಿಯಲ್ಲಿ ಮಹಿಳಾ ಮೆರವಣಿಗೆಯಲ್ಲೂ ಹೆಜ್ಜೆ ಹಾಕಿದ. ಸರಿಯಾದ ಪಕ್ಷ, ಸರಿಯಾದ ಘೋಷಣೆ ಒಳ್ಳೇ ಮರೆ ಆಗಬಲ್ಲವು.

2017ರ ಅಕ್ಟೋಬರ್ 5ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜೋಡಿ ಕ್ಯಾಂಟರ್, ಮೇಗನ್ ಟೂಹಿ ವರದಿ ಬಂತು. ಐದು ದಿನದ ನಂತರ ನ್ಯೂಯಾರ್ಕರ್‌ನಲ್ಲಿ ರೋನನ್ ಫ್ಯಾರೊ ವರದಿ. ಟೈಮ್ಸ್ ವರದಿಗಾರ್ತಿಯರು ಬರೀ ಬಾಯಿಮಾತನ್ನು ನೆಚ್ಚಿ ಕೂರಲಿಲ್ಲ. ಅವರು ಹಿಡಿದದ್ದು ಕಾಗದದ ಜಾಡು: ಕನಿಷ್ಠ ಎಂಟು ಒಪ್ಪಂದಗಳು, ಕಂಪನಿಯೊಳಗಿನ ದೂರುಪತ್ರ, ಇಮೇಲ್‌ಗಳು. ಮೌನ ಕೊಳ್ಳೋಕೆ ಬರೆಸಿದ ಕರಾರುಗಳೇ, ಇದು ಒಂದು ಸಲದ ಎಡವಟ್ಟಲ್ಲ ಅನ್ನೋದಕ್ಕೆ ಪುರಾವೆಯಾದವು. ಮೂರೇ ದಿನದಲ್ಲಿ ಕಂಪನಿ ಆತನನ್ನು ಹೊರಹಾಕಿತು. 80ಕ್ಕೂ ಹೆಚ್ಚು ಮಹಿಳೆಯರು ಮುಂದೆ ಬಂದರು. ಕಪ್ಪು ಮಹಿಳೆಯರ ನಡುವೆ ಕೆಲಸ ಮಾಡುತ್ತಿದ್ದ ತರಾನಾ ಬರ್ಕ್ 2006ರಲ್ಲೇ ಬಳಸಿದ್ದ 'ಮೀಟೂ' ಜಗತ್ತಿಗೆಲ್ಲ ತಲುಪಿತು.

ಕೋರ್ಟಿನ ದಾರಿ ಇಷ್ಟು ನೇರವಾಗಿಲ್ಲ. 2020ರಲ್ಲಿ ನ್ಯೂಯಾರ್ಕ್ ಕೋರ್ಟ್ 23 ವರ್ಷ ಶಿಕ್ಷೆ ಕೊಟ್ಟಿತು, 2023ರಲ್ಲಿ ಲಾಸ್ ಏಂಜಲೀಸ್ ಕೋರ್ಟ್ 16 ವರ್ಷ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ 4-3 ಬಹುಮತದಲ್ಲಿ ಮೊದಲ ತೀರ್ಪನ್ನು ರದ್ದು ಮಾಡಿತು. ಇಲ್ಲಿ ಹಲವರು ಅದನ್ನು ಆತ ನಿರಪರಾಧಿ ಅಂತ ಹಂಚಿದರು. ತಪ್ಪು. ಆ ಕೇಸಿನ ಆರೋಪಪಟ್ಟಿಯಲ್ಲಿ ಇಲ್ಲದ ಘಟನೆಗಳ ಬಗ್ಗೆ ಬೇರೆ ಮಹಿಳೆಯರಿಂದ ಸಾಕ್ಷ್ಯ ಹೇಳಿಸಿದ್ದು ನ್ಯಾಯಸಮ್ಮತವಲ್ಲ ಅಂತ ಬಹುಮತ ಹೇಳಿತ್ತು. ತತ್ವವಾಗಿ ಅದನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ನನ್ನ ತಕರಾರು ಇದು: ಕರಾರು ಮತ್ತು ಭಯ ಸೇರಿ ವರ್ಷಗಳನ್ನು ನುಂಗಿದರೆ, ಎಷ್ಟೋ ದೂರುಗಳು ಸ್ವತಂತ್ರ ಕೇಸಾಗುವ ಕಾಲವೇ ಮೀರಿಹೋಗಿರುತ್ತೆ, ಮತ್ತೊಬ್ಬಳ ಕೇಸಿನ ಸಾಕ್ಷಿಯಾಗಿ ಮಾತ್ರ ಅವಕ್ಕೆ ಬಾಯಿ. 2025ರ ಜೂನ್‌ನ ಮರುವಿಚಾರಣೆಯಲ್ಲಿ ಒಂದು ಆರೋಪ ಸಾಬೀತಾಯಿತು, ಒಂದರಲ್ಲಿ ಖುಲಾಸೆ, ಇನ್ನೊಂದರಲ್ಲಿ ಜ್ಯೂರಿ ತೀರ್ಮಾನಕ್ಕೆ ಬರಲಿಲ್ಲ. ಎಲ್ಲವೂ ಸಮ್ಮತಿಯಿಂದಲೇ ನಡೆದದ್ದು ಅನ್ನೋದು ಆತನ ವಾದ.

ಕಾಗದಗಳ ಕಥೆಯೂ ಮುಗಿದಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕ ತಂದ 'ಸ್ಪೀಕ್ ಔಟ್' ಕಾಯ್ದೆ, ಕೆಲಸಕ್ಕೆ ಸೇರುವಾಗಲೇ, ಅಂದರೆ ಜಗಳ ಶುರುವಾಗೋ ಮುಂಚೆ, ಬರೆಸಿಕೊಂಡ ಬಾಯಿಕಟ್ಟನ್ನು ಮಾತ್ರ ಅಸಿಂಧು ಮಾಡುತ್ತೆ. ದೂರು ಕೊಟ್ಟ ಮೇಲೆ ದುಡ್ಡು ಕೊಟ್ಟು ಮಾಡಿಸುವ ಒಪ್ಪಂದ, ಅಂದರೆ ವೈನ್‌ಸ್ಟೀನ್ ಬಳಸಿದ ನಮೂನೆ, ಅದರ ವ್ಯಾಪ್ತಿಗೆ ಬರಲ್ಲ.

ನಮ್ಮಲ್ಲಿ? ಈ ಒಂದು ವಿಷಯದಲ್ಲಿ ನಮ್ಮ ಕಾನೂನು ಅಮೆರಿಕಕ್ಕಿಂತ ಮುಂದಿದೆ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಸೆಕ್ಷನ್ 10, ದೂರುದಾರೆ ಕೇಳಿದರೆ ರಾಜಿ ಮಾಡಿಸಬಹುದು, ಆದರೆ ದುಡ್ಡು ಅದಕ್ಕೆ ಆಧಾರ ಆಗಬಾರದು ಅನ್ನುತ್ತೆ. ಸೆಕ್ಷನ್ 16 ದೂರಿನ ವಿವರವನ್ನು ಮಾಧ್ಯಮದಲ್ಲಿ ಪ್ರಕಟಿಸೋದನ್ನು ನಿಷೇಧಿಸುತ್ತೆ. ಅದು ಹೆಣ್ಣಿನ ಗುರುತು ಕಾಪಾಡೋಕೆ ಇಟ್ಟ ನಿಯಮ, ಜೊತೆಗೇ ಆರೋಪಿಯ ಹೆಸರನ್ನೂ ಕಾಪಾಡುತ್ತೆ.

ಸಿನಿಮಾ ಸೆಟ್‌ನಲ್ಲಿ ಸಮಸ್ಯೆ ಇದಕ್ಕೂ ಮುಂಚೆಯೇ ಶುರುವಾಗುತ್ತೆ. ಅಲ್ಲಿ ಮಾಲೀಕ ಯಾರು? ಪ್ರತಿ ನಿರ್ಮಾಣ ಸಂಸ್ಥೆಯೂ ಆಂತರಿಕ ದೂರು ಸಮಿತಿ ಮಾಡಬೇಕು ಅಂತ ಕೇರಳ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಹೇಳಿತು. 2019ರ ಕೊನೆಯಲ್ಲಿ ಸರ್ಕಾರದ ಕೈಸೇರಿದ್ದ ಹೇಮಾ ಸಮಿತಿ ವರದಿ ಜನರಿಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಮುಂದಿನ ತಿಂಗಳೇ ಕನ್ನಡ ಚಿತ್ರರಂಗದ 'ಫೈರ್' ಸಂಘಟನೆ, ಇಲ್ಲೂ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದಲ್ಲಿ ಅಂಥ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಪತ್ರ ಕೊಟ್ಟಿತು.

ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣ ಇದ್ದರೆ ಇನ್ನು ಮೂರು ತಿಂಗಳು ವಿಸ್ತರಿಸಬಹುದು ಅನ್ನೋದು ಅದೇ ಕಾಯ್ದೆಯ ನಿಯಮ. ಅಷ್ಟರಲ್ಲಿ ಶೂಟಿಂಗ್ ಮುಗಿದು ಯೂನಿಟ್ ಚದುರಿ ಹೋಗಿದ್ದರೆ ಯಾರ ಬಾಗಿಲು ತಟ್ಟೋದು ಅಂತ ಸಹಾಯಕ ನಿರ್ದೇಶಕಿಯಾಗಿರುವ ಗೆಳತಿಯೊಬ್ಬಳನ್ನು ಕೇಳಿದೆ. ಅವಳು ಫೋನ್ ತೆಗೆದು ಹಿಂದಿನ ಸಿನಿಮಾದ ಕಾಲ್‌ಶೀಟ್ ತೋರಿಸಿದಳು. ಕ್ಯಾಮೆರಾ ಬಾಡಿಗೆ, ಜನರೇಟರ್, ಊಟದವರು, ಎಲ್ಲರ ನಂಬರೂ ಇತ್ತು. ದೂರು ಸಮಿತಿಯ ನಂಬರ್ ಹುಡುಕಿ ಹೇಳು ಅಂದಳು.