ಹಿಂದಿನ ಲೈಟ್ ಉರಿದ್ರೆ ಸಾಕಾ?

ರಾತ್ರಿ ಹೊಳಲಿಂದ ಹಡಗಲಿಗೆ ಅಪ್ಪನ ಹಳೇ ಬೈಕಿನ ಹಿಂದೆ ಹೊಂಟಿದ್ದೆ. ಅಪ್ಪ ಬ್ರೇಕ್ ಹಾಕಿದ್ದೇ ಗೊತ್ತಾಗಲಿಲ್ಲ. ಗುದ್ದೋದು ಸ್ವಲ್ಪದರಲ್ಲೇ ತಪ್ಪಿತು. ‘ಹಿಂದಿನ ಲೈಟ್ ಉರೀತೈತಲ್ಲೋ!’ ಅಂದ್ರು. ಉರೀತಿತ್ತು, ನಿಜ. ಆದ್ರೆ ಆ ಒಂದೇ ಬಲ್ಬಿನೊಳಗೆ ಎರಡು ಸಣ್ಣ ತಂತಿ: ಟೈಲ್ ಲೈಟಿಗೆ 5 ವ್ಯಾಟ್, ಬ್ರೇಕಿಗೆ 21. ಒಂದು ಸುಟ್ಟರೂ ಇನ್ನೊಂದು ಉರೀತಾನೇ ಇರುತ್ತೆ.

ಹಂಗಂತ ಬಲ್ಬ್ ತರೋಕೆ ಓಡಬೇಡಿ. ಕೀ ಆನ್ ಮಾಡಿ, ಕೈ ಬ್ರೇಕ್, ಕಾಲು ಬ್ರೇಕ್ ಬೇರೆ ಬೇರೆ ಒತ್ತಿ ನೋಡಿ. ಒಂದಕ್ಕೆ ಹತ್ತಿದ್ರೆ ಬಲ್ಬ್ ಸರಿಯಿದೆ, ಇನ್ನೊಂದರ ಸ್ವಿಚ್ ನೋಡಿ. ಎರಡಕ್ಕೂ ಹತ್ತದಿದ್ರೆ ಬಲ್ಬ್, ಆಮೇಲೆ ಹೋಲ್ಡರಿನ ತುಕ್ಕು.

ನಮ್ಮದು ಕೈ ಬ್ರೇಕಿಗೆ ಹತ್ತಿತು. ಅಪ್ಪ ಹಾಕೋದು ಕಾಲು ಬ್ರೇಕ್ ಮಾತ್ರ! ಅದರ ಸ್ವಿಚ್ ಎಳೆಯೋ ಸ್ಪ್ರಿಂಗ್ ಕಳಚಿ ನೇತಾಡ್ತಿತ್ತು. ಸಿಕ್ಕಿಸಿದೆ. ಈಗ ದಿನಾ ಬೆಳಿಗ್ಗೆ ನನ್ನನ್ನ ಹಿಂದೆ ನಿಲ್ಲಿಸಿ ಕೇಳ್ತಾರೆ: ‘ಹತ್ತಿತೇನೋ?’