ಅಂಕಣದಿಂದ ಚದರಕ್ಕೆ

ಅಂಕಣವೆಂಬ ಮಾತನ್ನು ನಾವು ಇಂದು ಹೆಚ್ಚಾಗಿ ಪತ್ರಿಕೆಯ ಪುಟಕ್ಕೋ ಆಟದ ಬಯಲಿಗೋ ಬಳಸುತ್ತೇವೆ. ನಮ್ಮ ಹಿರಿಯರಿಗೆ ಅದು ಮನೆಯ ಅಳತೆಯಾಗಿತ್ತು. ಕಂಬಕ್ಕೂ ಕಂಬಕ್ಕೂ ನಡುವಣ, ಮೇಲೆ ತೊಲೆಜಂತೆಗಳನ್ನು ಹೊತ್ತ ಅವಕಾಶವೇ ಅಂಕಣ. ಐದು ಅಂಕಣದ ಮನೆ ಎಂದೊಡನೆ ಕೇಳಿದವರ ಮನಸ್ಸಿನಲ್ಲಿ ನೆಲ ಮಾತ್ರವಲ್ಲ, ಕಂಬ, ತೊಲೆ, ಮಾಳಿಗೆ ಎಲ್ಲವೂ ಮೂಡುತ್ತಿದ್ದವು. ಇಂದು ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಮನೆಯ ಮಾತು ಬಂದರೆ ಮೊದಲು ಕೇಳುವ ಪ್ರಶ್ನೆ “ಎಷ್ಟು ಚದರ?” ಎಂಬುದು. ನೂರು ಚದರಡಿಗೆ ಒಂದು ಚದರ. ಇದು ಬರಿಯ ನೆಲದ ಲೆಕ್ಕ. ಆ ನೆಲದ ಮೇಲೆ ನಿಂತ ಗೋಡೆಯ ದಪ್ಪವೆಷ್ಟು, ಗೋಡೆಯ ಮೇಲಿನ ಸೂರಿನ ಎತ್ತರವೆಷ್ಟು ಎಂಬುದನ್ನು ಅದು ಕೇಳುವುದಿಲ್ಲ.

ಚಿಕ್ಕ ಮನೆಯಲ್ಲಿ ಸಾಮಾನು ಇಡಲು ಸ್ಥಳವಿಲ್ಲವೆಂಬ ನಮ್ಮ ದಿನನಿತ್ಯದ ಅಳಲಿಗೆ ಅಳತೆಯ ಈ ಬದಲಾವಣೆಯೂ ಒಂದು ಕಾರಣವೆಂದು ನನ್ನ ಭಾವನೆ. ಸಾಮಾನು ನಿಜವಾಗಿ ಇರುವುದು ನೆಲದ ಮೇಲಲ್ಲ. ಗೋಡೆಯ ದಪ್ಪದಲ್ಲಿ, ಸೂರಿನ ಎತ್ತರದಲ್ಲಿ. ಕಾನೂನು ಕೂಡ ನೆಲವನ್ನೇ ಅಳೆಯುತ್ತದೆ. ಸ್ಥಿರಾಸ್ತಿ ವಹಿವಾಟಿನ ನಿಯಂತ್ರಣಕ್ಕೆಂದು 2016ರಲ್ಲಿ ಬಂದ ಕಾಯಿದೆ ‘ಕಾರ್ಪೆಟ್ ಏರಿಯಾ’ ಎಂಬ ಮಾತಿಗೆ ಸ್ಪಷ್ಟವಾದ ಅರ್ಥ ಕೊಟ್ಟು ಕೊಳ್ಳುವವರಿಗೆ ಉಪಕಾರವನ್ನೇ ಮಾಡಿತು. ಹೊರಗೋಡೆಗಳೂ ಬಾಲ್ಕನಿಯೂ ಅದರಲ್ಲಿ ಸೇರುವುದಿಲ್ಲ. ಒಳಗೋಡೆಗಳು ನಿಂತ ಜಾಗ ಮಾತ್ರ ಸೇರುತ್ತದೆ. ಅಂದರೆ ಒಳಗೋಡೆಯ ಕಾಲಡಿಯ ನೆಲಕ್ಕೂ ನಾವು ಹಣ ತೆರುತ್ತೇವೆ. ಹಣ ತೆತ್ತ ಮೇಲೆ ಆ ಗೋಡೆಯಿಂದ ದುಡಿಸಿಕೊಳ್ಳಬಾರದೇಕೆ?

ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ಹೇಗೆ ದುಡಿಯುತ್ತಿತ್ತೆಂಬುದನ್ನು ಸ್ವಲ್ಪ ನೆನೆಯೋಣ. ಎರಡಡಿ ದಪ್ಪದ ಗೋಡೆಯಲ್ಲಿ ಅಲ್ಲಲ್ಲಿ ಗೂಡುಗಳು. ಬಾಗಿಲ ಪಕ್ಕದ್ದು ದೀಪಕ್ಕೆ, ಒಲೆಯ ಬದಿಯದು ಉಪ್ಪುಖಾರಕ್ಕೆ, ಪಡಸಾಲೆಯದು ಎಲೆಅಡಿಕೆಯ ತಟ್ಟೆಗೋ ಪಂಚಾಂಗಕ್ಕೋ. ಗೂಡು ನೆಲವನ್ನು ಒಂದಂಗುಲವೂ ತಿನ್ನುವುದಿಲ್ಲ. ನಡೆಯುವವರ ಮೊಣಕೈಗೂ ತಾಗುವುದಿಲ್ಲ. ತಲೆಯ ಮಟ್ಟಕ್ಕಿಂತ ತುಸು ಮೇಲೆ, ಗೋಡೆಯಿಂದ ಹೊರಚಾಚಿದ ಮರದ ಗೂಟಗಳ ಮೇಲೆ ಉದ್ದಕ್ಕೂ ಹಲಗೆ: ಅದೇ ನಾಗೊಂದಿಗೆ. ದಿನವೂ ಬೇಡವಾದರೂ ವಾರಕ್ಕೊಮ್ಮೆ ಬೇಕಾದ ಪಾತ್ರೆಗಳ ತಾಣ ಅದು. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಮೊಸರು, ಬೆಣ್ಣೆ. ಕೃಷ್ಣನ ಬಾಲಲೀಲೆಯನ್ನು ಹಾಡಿದ ನಮ್ಮ ದಾಸರೆಲ್ಲ ಈ ನೆಲುವಿಗೆ ಋಣಿಗಳು. ಬೆಣ್ಣೆ ನೆಲದ ಮೇಲಿದ್ದಿದ್ದರೆ ಆ ಕಳ್ಳತನದಲ್ಲಿ ಯಾವ ರಸವಿರುತ್ತಿತ್ತು? ಇನ್ನು ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಕಟ್ಟಿದ ಗಳೆ. ರಾತ್ರಿ ಹಾಸಿದ ಕೌದಿ ಕಂಬಳಿಗಳೆಲ್ಲ ಬೆಳಗಾಗುತ್ತಲೇ ಅದನ್ನೇರಿದರೆ ಮಲಗುವ ಮನೆಯೇ ಕೆಲಸದ ಮನೆಯಾಗುತ್ತಿತ್ತು.

ಇವುಗಳಲ್ಲೆಲ್ಲ ನನಗೆ ಅತಿ ಜಾಣತನದ್ದೆಂದು ತೋರುವುದು ಅಡಕಲು. ಒಂದರ ಮೇಲೊಂದು ಗಡಿಗೆಯನ್ನೇರಿಸಿ, ದೊಡ್ಡದನ್ನು ಕೆಳಗೆ ಸಿಂಬಿಯ ಮೇಲೆ ಕೂರಿಸಿ, ಕಿರಿದಾಗುತ್ತ ಹೋಗಿ ತುದಿಯಲ್ಲಿ ಕುಡಿಕೆಯೊಂದನ್ನಿಡುವ ಸಾಲು ಅದು. ಮೇಲಿನ ಗಡಿಗೆಯ ತಳವೇ ಕೆಳಗಿನದರ ಮುಚ್ಚಳ. ನಾಲ್ಕೈದು ಗಡಿಗೆಗಳ ಸರಕಿಗೆ ಬೇಕಾದದ್ದು ಒಂದೇ ಗಡಿಗೆಯ ನೆಲ. ಆದರೆ ತಳದ ಗಡಿಗೆಗೆ ಕೈ ಹಾಕಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು. ಆದ್ದರಿಂದ ತಳದಲ್ಲಿರುತ್ತಿದ್ದುದು ಅಪರೂಪಕ್ಕೆ ಬೇಕಾಗುವ ಕಾಳು; ಮೇಲಿರುತ್ತಿದ್ದುದು ದಿನವೂ ಬೇಕಾದ ಸಣ್ಣಪುಟ್ಟದ್ದು. ಎಷ್ಟು ಸಲ ಬೇಕೆಂಬುದೇ ವಸ್ತುವಿನ ಎತ್ತರವನ್ನು ನಿರ್ಣಯಿಸುತ್ತಿತ್ತು. ಇಂದಿನ ಸ್ಟೀಲ್ ಡಬ್ಬಿಗಳ ಸಾಲಿಗೂ ಇದೇ ಲೆಕ್ಕ ಸಲ್ಲುತ್ತದೆ. ನಾವು ಡಬ್ಬಿಗಳನ್ನು ಅಂದಕ್ಕೆಂದು ಜೋಡಿಸುತ್ತೇವೆ. ಸಕ್ಕರೆ ತಳಕ್ಕೆ ಹೋಗುತ್ತದೆ, ವರ್ಷಕ್ಕೊಮ್ಮೆ ಬೇಕಾದ ಗಸಗಸೆ ಕೈಗೆಟಕುವಲ್ಲಿ ಕೂರುತ್ತದೆ.

ಹಗೇವಿನ ವಿಚಾರವನ್ನು ಬಿಡುವಂತಿಲ್ಲ. ಜೋಳದ ಸೀಮೆಯ ಮನೆಗಳ ಮುಂದೆ, ಗಟ್ಟಿ ನೆಲದಲ್ಲಿ ಗಡಿಗೆಯಾಕಾರಕ್ಕೆ ತೋಡಿದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ಸುತ್ತ ಹುಲ್ಲು ಹಾಸಿ ಕಾಳು ತುಂಬಿ, ಮೇಲೆ ಮತ್ತೆ ಹುಲ್ಲು ಹರಡಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಇದರೊಳಗಿನ ಶಾಸ್ತ್ರ ಸರಳವಾದುದು. ಕಾಳೂ ಅದರಲ್ಲಿ ಸೇರಿದ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ; ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ತೆರೆದ ಕೂಡಲೇ ಇಳಿದವರು ಪ್ರಾಣ ಕಳೆದುಕೊಂಡದ್ದೂ ಇದೇ ಕಾರಣಕ್ಕೆ. ಆದ್ದರಿಂದಲೇ ಬಲ್ಲವರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವಿಳಿಸಿ, ಅದು ನಂದದೆ ಉರಿದರಷ್ಟೇ ಇಳಿಯುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಹಗೇವು ತೋಡಲಾಗದು, ನಿಜ. ಆದರೆ ಊರ ಹೊಲದಿಂದ ಭದ್ರಾ ನಾಲೆಯ ಬತ್ತದ ಅಕ್ಕಿಯೋ ಜೋಳವೋ ಇಂದಿಗೂ ಚೀಲದಲ್ಲಿ ಬಂದಿಳಿಯುವ ಮನೆಗಳು ದಾವಣಗೆರೆಯಲ್ಲಿ ಅನೇಕ. ಆ ಚೀಲವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಬಿಟ್ಟರೆ ತಂಡಿ ಹಿಡಿಯುತ್ತದೆ, ಹುಳು ಬೀಳುತ್ತದೆ. ಚೆನ್ನಾಗಿ ಒಣಗಿದ ಕಾಳನ್ನು ಬಿಗಿ ಮುಚ್ಚಳದ ತಗಡಿನ ಪೀಪಾಯಿಗೆ ಕಂಠದವರೆಗೆ ತುಂಬಿ, ಪೀಪಾಯಿಯನ್ನು ಹಲಗೆಯ ಮೇಲೆ ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿದರೆ ಅದು ಪುಟ್ಟ ಹಗೇವೇ ಸರಿ. ಕಂಠದವರೆಗೆ ಎಂಬುದೇ ಇಲ್ಲಿ ಮುಖ್ಯ. ಅರ್ಧ ತುಂಬಿದ ಡಬ್ಬಿಯಲ್ಲಿ ಹುಳುವಿಗೆ ಬೇಕಾದಷ್ಟು ಗಾಳಿ ಉಳಿಯುತ್ತದೆ. ನಿತ್ಯದ ಬಳಕೆಗೆ ಬೇರೆಯೇ ಸಣ್ಣ ಡಬ್ಬಿಯಿರಬೇಕು.

ಹಗೇವಿನ ಗಾಳಿಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಡುಗೆಯ ಅನಿಲವೂ ಗಾಳಿಗಿಂತ ಭಾರವಾದುದು. ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಅಂದಕ್ಕೆಂದು ಸಿಲಿಂಡರನ್ನು ಕಟ್ಟೆಯ ಕೆಳಗೆ ಬೀರುಬಾಗಿಲ ಹಿಂದೆ ಮುಚ್ಚಿಡುವವರು ಆ ಬಾಗಿಲ ಬುಡದಲ್ಲಿ ಗಾಳಿಕಿಂಡಿ ಬಿಡಿಸುವುದನ್ನು ಮರೆಯಬಾರದು.

ಇನ್ನು ಹೊಸ ಮನೆಯ ಲೆಕ್ಕಕ್ಕೆ ಬರೋಣ. ಹತ್ತಡಿಗೆ ಹತ್ತಡಿಯ ಕೋಣೆ, ಅಂದರೆ ಸರಿಯಾಗಿ ಒಂದು ಚದರ. ಐದಡಿ ಅಗಲ, ಆರೂವರೆ ಅಡಿ ಉದ್ದದ ಮಂಚ ಅದರಲ್ಲಿ ಮೂವತ್ತೆರಡೂವರೆ ಚದರಡಿ ನುಂಗುತ್ತದೆ. ಕೋಣೆಯ ಮೂರನೆಯ ಒಂದು ಪಾಲು ಹಗಲಿಡೀ ಬರಿದೇ ಮಲಗಿರುತ್ತದೆ; ಗಳೆಯನ್ನೇರಿದ ಕೌದಿ ಇಂಥ ಸೋಮಾರಿಯಾಗಿರಲಿಲ್ಲ. ಈಗ ತಲೆಯೆತ್ತಿ ನೋಡಿ. ಬಾಗಿಲಿನ ಎತ್ತರ ಏಳಡಿ. ಸೂರು ಒಂಬತ್ತೂವರೆ ಅಡಿಯ ಮೇಲಿದ್ದರೆ ನಡುವಣ ಎರಡೂವರೆ ಅಡಿ ಖಾಲಿ. ಬಾಗಿಲ ನೆತ್ತಿಯ ಮಟ್ಟದಲ್ಲಿ ಮೂರು ಗೋಡೆಗಳುದ್ದಕ್ಕೂ ಒಂದಡಿ ಅಗಲದ ಹಲಗೆ ಓಡಿಸಿದರೆ, ಮೂಲೆಗಳನ್ನು ಕಳೆದು, ಇಪ್ಪತ್ತೆಂಟು ಚದರಡಿ ಹೊಸ ಜಾಗ ದೊರೆಯಿತು. ಮಂಚ ಕಸಿದದ್ದನ್ನು ಗೋಡೆ ಬಹುಮಟ್ಟಿಗೆ ಹಿಂದಿರುಗಿಸಿತು. ಒಂದಡಿ ಎಂಬುದನ್ನು ಮೀರಬಾರದು. ಎರಡಡಿ ಆಳದ ಸಜ್ಜಾದಲ್ಲಿ ಹಿಂದಿನ ಸಾಲಿಗೆ ಸರಿದ ಸಾಮಾನನ್ನು ಸುಣ್ಣಬಣ್ಣದ ವರ್ಷವೇ ಹೊರತೆಗೆಯಬೇಕು.

ಹಲಗೆಯನ್ನು ಹೊರಲು ಗಟ್ಟಿ ಬ್ರಾಕೆಟ್ ಬೇಕು. ಪುಸ್ತಕ ಇಡುವಿರಾದರೆ ಎರಡಡಿಗೊಂದರಂತೆ. ಹರಿಹರ ಲೇಥಿನ ಊರು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆದಿಯಲ್ಲಿ ಮುಚ್ಚಿಹೋಯಿತು; ಆದರೂ ಕಬ್ಬಿಣವನ್ನು ಅಳತೆಗೆ ಸರಿಯಾಗಿ ಬಗ್ಗಿಸಿಕೊಡುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಬೆಲೆಬಾಳುವ ಪ್ಲೈವುಡ್ಡಿನ ಬೀರುವಿಗೆ ಹಣ ಸುರಿಯುವ ಬದಲು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಮೂಲೆಪಟ್ಟಿಯ ಬ್ರಾಕೆಟ್ ಮಾಡಿಸುವುದೇ ಲೇಸು ಎಂಬುದು ನನ್ನ ಎಣಿಕೆ.

ಗೂಡಿನ ಗತಿ ಮಾತ್ರ ಕಷ್ಟದ್ದು. ಇಂದಿನ ಒಳಗೋಡೆ ನಾಲ್ಕೂವರೆ ಅಂಗುಲ. ಅದರಲ್ಲಿ ಗೂಡು ಕೊರೆದರೆ ಪಕ್ಕದ ಕೋಣೆ ಕಾಣುತ್ತದೆ. ಒಂಬತ್ತಂಗುಲದ ಇಟ್ಟಿಗೆ ಗೋಡೆಯಿದ್ದು, ಕಟ್ಟುವಾಗಲೇ ಹೇಳಿದರೆ, ಅರ್ಧ ಇಟ್ಟಿಗೆಯ ಆಳ ಬಿಡಿಸಿಕೊಳ್ಳಬಹುದು. ಅಷ್ಟು ಆಳ ಮಸಾಲೆ ಡಬ್ಬಿಗೆ, ಔಷಧಿ ಸೀಸೆಗೆ ಸಾಕು. ಕಟ್ಟಿ ಮುಗಿದ ಮೇಲೆ ಕೊರೆಯಹೊರಡುವುದು ಬೇಡ. ಭಾರ ಹೊತ್ತ ಗೋಡೆ ಯಾವುದೆಂದು ಕಣ್ಣಿಗೆ ತಿಳಿಯದು. ಬಾಗಿಲ ಹಿಂಬದಿಯೂ ಒಂದು ಗೋಡೆಯೇ ಎಂಬುದನ್ನು ನೆನೆದರೆ ಪೊರಕೆ, ಮೊರ, ಜರಡಿ, ಕೊಡೆಗಳಿಗೆ ನೆಲೆ ಸಿಕ್ಕಂತಾಯಿತು.

ಇಕ್ಕಟ್ಟಿನ ಮನೆ ನಮ್ಮ ಊರುಗಳ ಪಾಡು ಮಾತ್ರವಲ್ಲ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ಕಾರ್ಮಿಕರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಿಸಿದಾಗ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಅವುಗಳಿಗೊಂದು ಅಡುಗೆಮನೆ ರೂಪಿಸಿದಳು. ರೈಲಿನ ಊಟದ ಬೋಗಿಯ ಅಡುಗೆಕೋಣೆ ಆಕೆಗೆ ಮಾದರಿ. ಎರಡು ಮೀಟರಿಗಿಂತ ಕಡಮೆ ಅಗಲ, ಮೂರೂವರೆ ಮೀಟರಿಗಿಂತ ಕಡಮೆ ಉದ್ದ. ಅದರಲ್ಲೇ ಅಕ್ಕಿ, ಸಕ್ಕರೆಗಳಿಗೆ ಹೆಸರು ಬರೆದ, ಸುರಿಯಲು ಮೂತಿಯುಳ್ಳ ಅಲ್ಯೂಮಿನಿಯಂ ಡಬ್ಬಿಗಳ ಸಾಲು. ಇಂದಿನ ‘ಮಾಡ್ಯುಲರ್ ಕಿಚನ್’ ಆ ವಂಶದ ಕೂಸು. ಹೆಜ್ಜೆಗಳನ್ನು ಎಣಿಸಿ ಉಳಿಸಿದ ಆ ಜಾಣ್ಮೆಯಲ್ಲಿ ಒಂದು ಕೊರತೆಯಿತ್ತು: ಅಲ್ಲಿ ಇಬ್ಬರು ನಿಂತು ಕೆಲಸ ಮಾಡಲಾಗುತ್ತಿರಲಿಲ್ಲ. ಒಬ್ಬಳೇ ಹೆಂಗಸು, ಒಂದೇ ಎತ್ತರ, ಒಂದೇ ಜೊತೆ ಕೈಗಳು.

ನಮ್ಮ ಮನೆಗಳಲ್ಲಿ ಅಡಚಣೆ ತಲೆದೋರುವುದು ಇಲ್ಲಿಯೇ. ಸಾರಥಿಯಂಥ ಹಳ್ಳಿಯಲ್ಲಿ ಮೂವತ್ತು ನಲವತ್ತು ವರ್ಷ ಸಂಸಾರ ನಡೆಸಿದ ತಾಯಿ, ಗಂಡ ತೀರಿಕೊಂಡ ಮೇಲೆ, ದಾವಣಗೆರೆಯ ಮಗನ ಆರು ಚದರದ ಮನೆಗೆ ಬರುತ್ತಾಳೆ. ಜೊತೆಗೊಂದು ಪೆಟ್ಟಿಗೆ, ಎರಡು ಹಿತ್ತಾಳೆ ಕೊಡ, ತಾನೇ ಹೊಲಿದ ನಾಲ್ಕು ಕೌದಿ, ಒಂದು ಬೀಸುವ ಕಲ್ಲು. ಮಗ ಒಳ್ಳೆಯವನೇ, “ಇದನ್ನೆಲ್ಲ ಎಲ್ಲಿ ಇಡೂದವ್ವ, ಗುಜರಿಗೆ ಹಾಕೋಣ” ಎನ್ನುತ್ತಾನೆ. ಸೊಸೆ ಡಬ್ಬಿಗಳನ್ನು ತನ್ನ ಕೈಯೆತ್ತರಕ್ಕೆ ಜೋಡಿಸಿಕೊಂಡಿದ್ದಾಳೆ; ಅತ್ತೆಗೆ ಅವು ಎಟುಕುವುದಿಲ್ಲ. ಒಂದು ಲೋಟ ಚಹಕ್ಕೆ ಸಕ್ಕರೆ ಬೇಕಾದರೂ ಕೇಳಿ ಪಡೆಯಬೇಕು. ಕೇಳಲು ಸಂಕೋಚಪಟ್ಟು ಸ್ಟೂಲು ಹತ್ತಿದವರು ಬಿದ್ದು ಸೊಂಟ ಮುರಿದುಕೊಂಡ ಸುದ್ದಿಗಳು ನಮಗೆ ಹೊಸವಲ್ಲ. ಈ ಮಾತನ್ನು ಕೇಳುತ್ತಿರುವ ಗೃಹಿಣಿಯರು ಒಮ್ಮೆ ತಮ್ಮ ಅಡುಗೆಮನೆಯಲ್ಲಿ ಮನೆಯ ಹಿರಿಯಳನ್ನು ನಿಲ್ಲಿಸಿ, ಹಿಮ್ಮಡಿಯೆತ್ತದೆ ಆಕೆಯ ಕೈ ಎಲ್ಲಿಯವರೆಗೆ ಹೋಗುತ್ತದೆಂದು ಗೋಡೆಯ ಮೇಲೆ ಗುರುತು ಹಾಕಲಿ. ನಿತ್ಯ ಬೇಕಾದುದೆಲ್ಲ ಆ ಗೆರೆಗೂ ಮೊಣಕಾಲಿಗೂ ನಡುವೆ ಬರಲಿ. ಶ್ಯಾವಿಗೆಯ ಒತ್ತು, ಸಂತರ್ಪಣೆಯ ಬೋಗುಣಿ, ಗಣೇಶನ ಹಬ್ಬದ ಮಂಟಪ ಇವು ಗೆರೆಯಿಂದ ಮೇಲೇರಲಿ, ಇಳಿಸಲು ಮಗನಿದ್ದಾನೆ. ಗೆರೆಯ ಕೆಳಗೆ ಸ್ಥಳ ಸಾಲದಿದ್ದರೆ ಆಗ ಯೋಚಿಸಬೇಕಾದದ್ದು ಕೊಡದ ವಿಚಾರವನ್ನಲ್ಲ. ಒಂದು ತಿಂಗಳ ಬೇಳೆಯನ್ನು ಮೂರು ತಿಂಗಳಿಗೆಂದು ತಂದು ತುಂಬುವ ಅಭ್ಯಾಸವನ್ನು. ವರ್ಷದ ಕಾಳು ಮನೆಯಲ್ಲಿರಬೇಕಾಗಿದ್ದ ಕಾಲ ಬೇರೆ. ಈಗ ಬೀದಿಯ ಕಿರಾಣಿ ಅಂಗಡಿ ನಮಗಾಗಿ ಕಣಜವಿಟ್ಟುಕೊಂಡು ಕುಳಿತಿದೆ.

ಪುಸ್ತಕಪ್ರಿಯರ ಮಾತು ಬೇರೆ. ಹಳೆಯ ವಾರಪತ್ರಿಕೆಗಳನ್ನು ವರ್ಷವಾರು ಕಟ್ಟುಕಟ್ಟಿ ಮಂಚದ ಕೆಳಗೆ ತುಂಬಿದ ಮನೆಗಳನ್ನು ನಾನು ಬಲ್ಲೆ. ಅಲ್ಲಿ ತಾಯಿಯ ಪೆಟ್ಟಿಗೆಗೆ ಜಾಗವಿಲ್ಲದಿರುವುದು ಸಹಜವೇ. ಕಟ್ಟುಗಳು ಬಾಗಿಲ ನೆತ್ತಿಯ ಹಲಗೆಗೆ ಹೋಗಲಿ, ಗೆದ್ದಲಿಗೂ ದೂರವಾಗುತ್ತವೆ. ಮಂಚದ ಕೆಳಗಿನ ಜಾಗ ಪೆಟ್ಟಿಗೆಯದು. ಅದರ ಬೀಗದ ಕೈ ಆಕೆಯ ಸೆರಗಿನಲ್ಲೇ ಇರಲಿ. ಕೌದಿಗಳು ಹಾಸಿಗೆಯ ಮೇಲೆಯೇ ಮಡಿಚಿ ಕೂರಬಲ್ಲವು. ಹಿತ್ತಾಳೆ ಕೊಡದಲ್ಲಿ ನೀರು ತುಂಬಬಹುದು, ಅದು ಹುಟ್ಟಿದ್ದೇ ಅದಕ್ಕಾಗಿ. ಬೀಸುವ ಕಲ್ಲು ಮಾತ್ರ ಯಾವ ಹಲಗೆಯನ್ನೂ ಏರಲಾರದು. ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಗೋಡೆಗೆ ಸರಿಸಿಟ್ಟರೆ ಹಿಡಿಯುವುದು ಒಂದೂವರೆ ಅಡಿ ನೆಲ. ಸಂಜೆ ಆಕೆ ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುವುದಕ್ಕೆ ಇನ್ನೊಂದು ಎರಡಡಿ ಬಿಟ್ಟಿರಬೇಕು.