ಹಂಡೆಯ ನೀರು, ಹಡಗಿನ ಜಳಕ

ಇಳಕಲ್ಲಿನ ನೇಕಾರರ ಓಣಿಯಲ್ಲಿ ನಸುಕು ಹರಿಯುವ ಮೊದಲೇ ಮೂಗಿಗೆ ಬಡಿಯುವುದು ಹತ್ತಿಕಟ್ಟಿಗೆಯ ಹೊಗೆ. ಮಗ್ಗಗಳು ಇನ್ನೂ ಸುಮ್ಮನಿವೆ. ಎಲ್ಲೋ ಒಂದು ಕೊಡ ಕಲ್ಲಿಗೆ ತಾಗಿದ ಸದ್ದು, ನಲ್ಲಿಯ ಕಡೆ ಹೊರಟ ಚಪ್ಪಲಿಗಳ ಪಟಪಟ, ಬಾಗಿಲ ಮುಂದೆ ಕಸಬರಿಗೆಯ ಸರಬರ. ಹೊಗೆಯ ಜಾಡು ಹಿಡಿದು ಒಳಗೆ ಬನ್ನಿ. ಪಡಸಾಲೆಯಲ್ಲಿ ಕುಣಿಮಗ್ಗ, ಅರ್ಧ ನೇಯ್ದ ಸೀರೆಗೆ ದೂಳು ಕೂರದಂತೆ ಹಳೆಯ ಪಂಚೆ ಹೊದಿಸಿದ್ದಾರೆ. ಅದನ್ನು ಬಳಸಿಕೊಂಡು ಅಡುಗೆಮನೆ ದಾಟಿದರೆ ಎಡಕ್ಕೆ ಬಚ್ಚಲು. ಬಾಗಿಲಿಲ್ಲ. ನಾಲ್ಕೈದು ದೀಪಾವಳಿ ಕಂಡು ಮೆತ್ತಗಾದ ಇಳಕಲ್ ಸೀರೆಯೊಂದು ಅಡ್ಡ ತೂಗಿದೆ. ಬಣ್ಣ ಮಾಸಿದರೂ ಸೆರಗಿನ ಕೆಂಪಿನಲ್ಲಿ ಟೋಪ್ ತೆನಿ ವಿನ್ಯಾಸದ ಬಿಳಿ ಹಲ್ಲುಗಳು ಇನ್ನೂ ಎದ್ದು ಕಾಣುತ್ತವೆ.

ಸೀರೆ ಸರಿಸಿ ನೋಡಿ. ಬೆಳೆದ ಆಳು ಎರಡೂ ಕೈ ಚಾಚಿದರೆ ಮೊಣಕೈ ಗೋಡೆಗೆ ತಾಗುವಷ್ಟೇ ಜಾಗ. ಕಾಲಡಿಗೆ ಊರಿನದೇ ಗುಲಾಬಿ ಗ್ರಾನೈಟಿನ ಚಪ್ಪಡಿ. ಮೂಲೆ ಮುಕ್ಕಾಗಿದ್ದಕ್ಕೆ ಖಣಿಯವರು ಬಿಸಾಕಿದ್ದು, ಇಲ್ಲಿ ಮೂರು ತಲೆಮಾರಿನ ಅಂಗಾಲು ತಾಗಿ ಹೊಳಪೇರಿದೆ. ನೀರು ಅಡುಗೆಮನೆಗೆ ನುಗ್ಗದಂತೆ ಗೇಣುದ್ದದ ಕಟ್ಟೆ. ಗೋಡೆಯ ಗೂಡಿನಲ್ಲಿ ಸವೆದ ಸಾಬೂನು, ಸೀಗೆಪುಡಿಯ ಡಬ್ಬಿ, ಹಿಮ್ಮಡಿ ತಿಕ್ಕುವ ಕಲ್ಲು. ಮೂಲೆಯಲ್ಲಿ, ಮಣ್ಣು ಮೆತ್ತಿ ಒಲೆಯೊಳಗೇ ಕೂರಿಸಿಬಿಟ್ಟ ತಾಮ್ರದ ಹಂಡೆ. ಹೊರಮೈ ಕಾಡಿಗೆಗಪ್ಪು. ಮುಚ್ಚಳ ತೆಗೆದು ಬಗ್ಗಿ ನೋಡಿದರೆ ಒಳಗೆ ಕೆಂಪು ಝಗಮಗ, ಅದರ ಮೇಲೆ ಬೆಳಕಿಂಡಿಯಿಂದ ಬಿದ್ದ ಒಂದು ತುಂಡು ಬೆಳಗು.

ಉರಿ ಹಾಕುವ ಕೆಲಸ ಮನೆಯ ಹಿರಿಯಳದು. ಹತ್ತಿಕಟ್ಟಿಗೆ ಚಟಪಟ ಎಂದು ಹತ್ತಿಕೊಂಡು ಅಷ್ಟೇ ಬೇಗ ಬೂದಿಯಾಗುತ್ತದೆ. ತೊಗರಿಕಟ್ಟಿಗೆ ಒಂದಿಷ್ಟು ತಾಳುತ್ತದೆ. ಕಾವು ಹಿಡಿದಿಡಬೇಕೆಂದರೆ ಕುಳ್ಳೇ ಬೇಕು. ಮೂರನ್ನೂ ಹೊತ್ತರಿತು ಒಲೆಯ ಬಾಯಿಗೆ ದೂಡುತ್ತ ಆಕೆ ನೀರನ್ನು ಮುಟ್ಟಿ ನೋಡುವುದೇ ಇಲ್ಲ. ಕಿವಿಗೊಟ್ಟು ಕೂತಿರುತ್ತಾಳೆ. ಹಂಡೆಯೊಳಗೆ ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಯಿತೆಂದರೆ ಮೊದಲ ಪಾಳಿಯವರನ್ನು ಕೂಗುವ ಹೊತ್ತು.

“ನೀರ ಕಾದಾವ, ಏಳ್ರಿ. ಆಮ್ಯಾಲ ತಣ್ಣಗಾದು ಅಂದ್ರ ನಾ ಕೇಳಾಂಗಿಲ್ಲ.”

ಪಾಳಿಗೂ ಒಂದು ಕ್ರಮವಿದೆ. ಲಿಂಗಪೂಜೆಗೆ ಕೂಡುವ ಅಜ್ಜ ಮೊದಲು, ಆಮೇಲೆ ಮಗ್ಗಕ್ಕಿಳಿಯುವ ಮಗ, ಸಾಲೆಯ ಹುಡುಗರು, ಕಡೆಗೆ, ಬೂದಿಯೊಳಗಿನ ಕಾವೂ ಆರುತ್ತ ಬಂದಾಗ, ಹೆಂಗಸರು. (ಕಟ್ಟಿಗೆ ತಂದವಳು, ಉರಿ ಹಾಕಿದವಳು ಕಡೆಗೆ ಜಳಕ ಮಾಡುವ ಈ ಕ್ರಮವನ್ನು ಮಾಡಿದವರು ಗಂಡಸರೇ ಇರಬೇಕು.) ಇನ್ನೊಂದು ಕಟ್ಟಳೆ ಎಲ್ಲರಿಗೂ ಒಂದೇ: ಹಂಡೆಯಿಂದ ಎಷ್ಟು ತಂಬಿಗೆ ಬಿಸಿನೀರು ತೋಡಿಕೊಂಡಿರೋ ಅಷ್ಟು ತಂಬಿಗೆ ತಣ್ಣೀರು ಹಂಡೆಗೆ ಸುರಿದು ಹೊರಬರಬೇಕು. ಮರೆತವರಿಗೆ ರೊಟ್ಟಿಯ ಜೊತೆ ಬೈಗುಳವೂ ಸಿಗುತ್ತದೆ. ಬಚ್ಚಲ ನೀರು ಮೋರಿಯಿಂದ ಹಿತ್ತಲಿಗೆ ಹರಿದು ಕರಿಬೇವಿನ ಬುಡ ಸೇರುತ್ತದೆ.

ಮನೆಯಲ್ಲಿ ಬಾಣಂತಿಯಿದ್ದರೆ ಒಲೆ ಮಧ್ಯಾಹ್ನದವರೆಗೂ ಆರುವುದಿಲ್ಲ. ಕೂಸಿಗೆ ಎರೆಯಲು ಓಣಿಯ ಮುದುಕಿಯೊಬ್ಬಳು ಬರುತ್ತಾಳೆ. ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲನ್ನು ನೀಡಿ ಜೋಡಿಸಿ, ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ಹಚ್ಚಿದ ಆ ಪುಟ್ಟ ಮೈಯನ್ನು ಆಕೆ ತಿರುವುವ, ಮಗುಚುವ, ಕೈಕಾಲು ಅಡ್ಡಡ್ಡ ಮಡಚಿ ಬಿಡುವ ಚುರುಕು ನೋಡಿದರೆ ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ತಂಬಿಗೆ ಮೇಲೇರಿ ನೀರು ಧಾರೆಯಾಗಿ ಬೆನ್ನಿಗೆ ಬೀಳುತ್ತದೆ, ಕೂಸು ಕಿರುಚುತ್ತದೆ, ಮುದುಕಿ ಅದಕ್ಕಿಂತ ಗಟ್ಟಿಯಾಗಿ ಅದರೊಡನೆ ಮಾತಾಡುತ್ತಾಳೆ. ಕಡೆಯ ತಂಬಿಗೆಯನ್ನು ಮೂರು ಸುತ್ತು ನಿವಾಳಿಸಿ ಮೋರಿಗೆ ಚೆಲ್ಲಿದ ಮೇಲೆ ಅಗ್ಗಿಷ್ಟಿಗೆಯ ಕೆಂಡಕ್ಕೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಆ ಘಾಟು ಹೊಗೆಯಲ್ಲಿ ಕೂಸಿನ ಅಳು ಅರ್ಧಕ್ಕೇ ನಿಂತು ನಿದ್ದೆಯಾಗುತ್ತದೆ.

ಇಂಥ ಬಚ್ಚಲ ಕಟ್ಟೆಯ ಪಕ್ಕದಲ್ಲೇ ನಾನು ಹಡಗಿನ ಜಳಕದ ವರ್ಣನೆ ಕೇಳಿದ್ದು. ಮನೆಯ ಮೊಮ್ಮಗ ಮುಂಬಯಿಯಲ್ಲಿ ಕೆಲಸಕ್ಕಿರುವವನು. ಹೆಂಡತಿಯನ್ನು ಕರಕೊಂಡು ಅಲ್ಲಿಂದ ಗೋವಾಕ್ಕೆ ಹೋಗುವ ದೊಡ್ಡ ವಿಹಾರ ಹಡಗಿನಲ್ಲಿ ತಿರುಗಾಡಿ ಬಂದಿದ್ದ. ಅವನ ಆಯಿಗೆ, ಅಂದರೆ ಅಜ್ಜಿಗೆ, ಹಡಗಿನ ಈಜುಕೊಳ, ಕುಣಿತ, ಊಟ ಯಾವುದೂ ಬೇಕಿರಲಿಲ್ಲ.

“ಹಡಗದಾಗ ಬಚ್ಚಲಾ ಇರತೈತೇನೋ?”

“ಇರತೈತಿ ಆಯಿ. ಕೋಣಿಗೊಂದು.”

“ಎಷ್ಟ ದೊಡ್ಡದ?”

“ನಮ್ಮ ಬಚ್ಚಲಕ್ಕಿಂತ ಸಣ್ಣದ.”

“ಮತ್ತ ಅಷ್ಟ ರೊಕ್ಕಾ ಯಾಕ ಕೊಟ್ಟ ಬಂದ್ರಿ?”

ಅವನ ಮಾತಿನಲ್ಲೇ ಹೇಳುವುದಾದರೆ, ಒಳಗೆ ಹೊಕ್ಕರೆ ಎದುರಿಗೆ ಕನ್ನಡಿ, ಬಲಕ್ಕೆ ಕಮೋಡು, ಎಡಕ್ಕೆ ಒಬ್ಬರೇ ನಿಲ್ಲುವಷ್ಟು ಮೂಲೆ. ಆ ಮೂಲೆಗೊಂದು ಪ್ಲಾಸ್ಟಿಕ್ ಪರದೆ. ನೀರು ಬಿಟ್ಟದ್ದೇ ತಡ ಪರದೆ ಒಳಕ್ಕೆ ಸೆಳೆದು ಒದ್ದೆ ಮೈಗೆ ಅಂಟಿಕೊಳ್ಳುತ್ತದೆ. ಬಗ್ಗಿ ಕಾಲು ತಿಕ್ಕಲು ಹೋದರೆ ಹಿಂದಿನ ಗೋಡೆ ಒದೆಯುತ್ತದೆ. ಹಿಡಿದುಕೊಳ್ಳಲು ಗೋಡೆಗೊಂದು ಉಕ್ಕಿನ ಹಿಡಿಕೆ, ಏಕೆಂದರೆ ಹಡಗು ಹೊಯ್ದಾಡಿದಾಗ ಸಾಬೂನು ಹಚ್ಚಿದ ಕಾಲು ನಿಲ್ಲುವುದಿಲ್ಲ. ನೀರು ಕೋಣೆಗೆ ಹರಿಯದಂತೆ ಅಲ್ಲಿಯೂ ಒಂದು ಕಟ್ಟೆ; ಗೊತ್ತಿಲ್ಲದವರು ಮೊದಲ ದಿನ ಹೆಬ್ಬೆರಳು ಎಡವಿಸಿಕೊಳ್ಳುವುದು ಖಾತ್ರಿ. ಸಾಬೂನು, ಶಾಂಪೂ ಎರಡಕ್ಕೂ ಗೋಡೆಗೆ ಬಿಗಿದ ಬಾಟಲಿ. ಒದ್ದೆ ಬಟ್ಟೆ ಹಾಕಲು ಒಂದು ಗೋಡೆಯಿಂದ ಎಳೆದು ಇನ್ನೊಂದಕ್ಕೆ ಸಿಕ್ಕಿಸುವ ದಾರ. ಕಮೋಡಿನ ಗುಂಡಿ ಒತ್ತಿದರೆ ನೀರು ಸುರಿಯುವುದಿಲ್ಲ, ಗಾಳಿ ಘರ್ರೆಂದು ಎಳೆದುಕೊಳ್ಳುತ್ತದೆ. ಅವನ ಹೆಂಡತಿ ಮೊದಲ ಸಲ ಹೆದರಿ ಹೊರಗೋಡಿ ಬಂದಿದ್ದಳಂತೆ. ಆಯಿ ಅಲ್ಲಿಯವರೆಗೆ ಗಂಭೀರವಾಗಿದ್ದವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮುಂಬಯಿಯಿಂದ ಗೋವಾಕ್ಕೂ ಲಕ್ಷದ್ವೀಪಕ್ಕೂ ಇಂಥ ವಿಹಾರ ಯಾನವನ್ನು ಕಾರ್ಡೇಲಿಯಾ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಶುರುಮಾಡಿತು. ಅದರ ‘ಎಂಪ್ರೆಸ್’ ಹಡಗು 1990ರಲ್ಲಿ ಬೇರೆ ಹೆಸರಿನಲ್ಲಿ ಯಾನ ಶುರುಮಾಡಿ, ಬೇರೆ ಸಮುದ್ರಗಳನ್ನು ಸುತ್ತಿ, ಇಲ್ಲಿಗೆ ಬಂದದ್ದು. ಈಗಿನ ಹಡಗುಗಳಲ್ಲಂತೂ ಕೋಣೆಯ ಬಚ್ಚಲನ್ನು ಹಡಗಿನೊಳಗೆ ಕಟ್ಟುವುದೇ ಇಲ್ಲ. ಗೋಡೆ, ನೆಲ, ನಲ್ಲಿ, ಕನ್ನಡಿ ಸಮೇತ ಕಾರ್ಖಾನೆಯಲ್ಲಿ ಇಡಿಯಾಗಿ ತಯಾರಿಸಿ, ಎತ್ತಿ ತಂದು ಒಳಗಿಟ್ಟು, ಕೊಳವೆ ಜೋಡಿಸುತ್ತಾರೆ. ಆದಕಾರಣ ಒಂದೇ ದರ್ಜೆಯ ಎಲ್ಲ ಕೋಣೆಯ ಬಚ್ಚಲೂ ಒಂದೇ ಅಚ್ಚು. ದುಡ್ಡು ಹೆಚ್ಚು ಕೊಟ್ಟವರಿಗೆ ಪರದೆಯ ಬದಲು ಗಾಜಿನ ಬಾಗಿಲು, ಇನ್ನೂ ಹೆಚ್ಚು ಕೊಟ್ಟವರಿಗೆ ತೊಟ್ಟಿ.

ಆಯಿಯ ಮುಂದಿನ ಪ್ರಶ್ನೆ ಮಾತ್ರ ಎಂಜಿನಿಯರುಗಳು ಕೇಳುವಂಥದ್ದು. “ನೀರ ಎಲ್ಲಿಂದ ತರತಾರ? ಸಮುದ್ರದ ನೀರಾಗ ಜಳಕಾ ಮಾಡಿದ್ರ ಮೈ ತುರಸಾಂಗಿಲ್ಲೇನು?”

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹಡಗು ಆ ನೀರನ್ನು ಒಳಗೆಳೆದುಕೊಂಡು, ಎಂಜಿನ್ನಿನ ಬಿಸಿಯಲ್ಲಿ ಆವಿ ಮಾಡಿ ತಣಿಸಿಯೋ, ಭಾರಿ ಒತ್ತಡದಲ್ಲಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿಯೋ ಸಿಹಿನೀರು ಮಾಡಿಕೊಳ್ಳುತ್ತದೆ. ಬಂದರಿನಲ್ಲಿ ತುಂಬಿಸಿಕೊಂಡ ನೀರೂ ಇರುತ್ತದೆ. ಸವಳು ನೀರಿನ ಕಷ್ಟ ಇಳಕಲ್ಲು, ಹುನಗುಂದ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋರಿನ ನೀರಿಗೆ ಸಾಬೂನು ನೊರೆ ಬರುವುದಿಲ್ಲ, ಕೂದಲು ಗಂಟುಕಟ್ಟುತ್ತದೆ, ತಂಬಿಗೆಯ ಒಳಗೆ ಬೆಳ್ಳಗೆ ಕರೆ ಕೂರುತ್ತದೆ. ಹೀಗಾಗಿ ಮೊಮ್ಮಗ ಹಡಗಿನ ನೀರಿನಲ್ಲಿ ನೊರೆ ಎಷ್ಟು ಬಂತೆಂದು ವರ್ಣಿಸಿದ್ದನ್ನು ಮನೆಯ ಹೆಂಗಸರೆಲ್ಲ ಕೆಲಸ ಬಿಟ್ಟು ಕೇಳಿದರು. ಮೈ ನೆನೆಸಿಕೊಂಡು ನಲ್ಲಿ ಮುಚ್ಚಬೇಕು, ಸಾಬೂನು ಹಚ್ಚಿಕೊಂಡು ಮತ್ತೆ ತೆರೆಯಬೇಕು ಎಂಬ ಹಡಗಿನವರ ಉಪದೇಶ ಕೇಳಿ ಮಾತ್ರ ಯಾರಿಗೂ ಅಚ್ಚರಿಯಾಗಲಿಲ್ಲ. ಷವರು ಸಾಮಾನ್ಯವಾಗಿ ನಿಮಿಷಕ್ಕೆ ಎಂಟು ಹತ್ತು ಲೀಟರು ಸುರಿಯುತ್ತದೆ. ಈ ಮನೆಯಲ್ಲಿ ಒಂದು ಬಕೀಟಿನಲ್ಲಿ, ಅಂದರೆ ಹದಿನೈದು ಇಪ್ಪತ್ತು ಲೀಟರಿನಲ್ಲಿ, ತಲೆಸ್ನಾನವೇ ಮುಗಿಯುತ್ತದೆ. ಜಲಜೀವನ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಪಡಿಸಿರುವುದು 55 ಲೀಟರು. ಕುಡಿಯುವುದು, ಅಡುಗೆ, ಬಟ್ಟೆ, ಪಾತ್ರೆ, ಜಳಕ ಎಲ್ಲ ಅದರೊಳಗೇ. ಹಡಗಿನ ಇಕ್ಕಟ್ಟು ಬಚ್ಚಲಿಗೆ ಹೊಂದಿಕೊಳ್ಳಲು ಬೆಂಗಳೂರಿನವರು ಎರಡು ದಿನ ಒದ್ದಾಡಬಹುದು. ಬಾಗಲಕೋಟೆ ಜಿಲ್ಲೆಯವರಿಗೆ ಅದು ಹುಟ್ಟಿದಾಗಿನಿಂದ ರೂಢಿ.

ಹಳಿಯ ಮೇಲಿನ ಹಡಗೊಂದು ಇದೇ ಜಿಲ್ಲೆಯ ಬಾದಾಮಿಯತ್ತ ಬಂದದ್ದೂ ಉಂಟು. 2008ರಲ್ಲಿ ಓಡಾಟ ಶುರುಮಾಡಿದ ಗೋಲ್ಡನ್ ಚಾರಿಯಟ್ ರೈಲು ತನ್ನ ಮೊದಲ ವರ್ಷಗಳಲ್ಲಿ ಪ್ರವಾಸಿಗರನ್ನು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಕರೆತರುತ್ತಿತ್ತು. ನೇರಳೆ ಬಣ್ಣದ ಆ ಗಾಡಿಯ 44 ಕೋಣೆಗಳಿಗೂ ಒಂದೊಂದು ಬಚ್ಚಲು, ಒಂದೊಂದು ಷವರು. ಬೋಗಿಗಳಿಗೆ ರಾಜವಂಶಗಳ ಹೆಸರು, ಅದರಲ್ಲೊಂದು ಚಾಲುಕ್ಯ. ಚಾಲುಕ್ಯ ಬೋಗಿಯಲ್ಲಿ ಜಳಕ ಮುಗಿಸಿ ಚಾಲುಕ್ಯರ ಊರು ನೋಡುವ ಯೋಗ ಬೇರೆ ಯಾವ ರೈಲಿನಲ್ಲಿತ್ತು!

ಉಳಿದ ನಾವೆಲ್ಲ ಬಾದಾಮಿಯ ಲಾಡ್ಜುಗಳಿಗೆ ಸೇರಿದವರು. ಬಿಸಿನೀರು ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ ಎಂಬ ಚೀಟಿ, ತಿರುಗಿಸಿದರೆ ಕೆಮ್ಮಿ ಸುಮ್ಮನಾಗುವ ಷವರು, ಅದರ ಕೆಳಗೆ ನಂಬಿಗಸ್ಥ ನೀಲಿ ಬಕೀಟು. ಜಳಕದ ಚಿಂತೆ ಬಿಟ್ಟು ಅಗಸ್ತ್ಯತೀರ್ಥದ ಕಡೆ ನಡೆದರೆ, ಎರಡೂ ಬದಿಯ ಕೆಂಪು ಬಂಡೆಗಳಿಗೆ ಎಳೆಬಿಸಿಲು ಏರುತ್ತಿರುತ್ತದೆ. ಮೆಟ್ಟಿಲ ಮೇಲೆ ಸಾಲಾಗಿ ಕೂತ ಹೆಂಗಸರು ಬಟ್ಟೆ ಎತ್ತಿ ಬಡಿದ ಸದ್ದು ಆಚೆಯ ಬಂಡೆಗೆ ತಾಗಿ, ಕ್ಷಣ ತಡೆದು, ವಾಪಸು ಬರುತ್ತದೆ. ಒಬ್ಬಳ ಬಡಿತವೂ ಇನ್ನೊಬ್ಬಳ ಬಡಿತದ ಮರುದನಿಯೂ ಬೆರೆತು ತಾಳ ತಪ್ಪುತ್ತ ಕೂಡುತ್ತ ಸಾಗುತ್ತವೆ. ಮಂಗಗಳು ಒಣಹಾಕಿದ ಬಟ್ಟೆಯ ಸುತ್ತ ಸುಳಿದಾಡುತ್ತವೆ. ಉತ್ತರದ ಬಂಡೆಯ ಮೇಲೆ, ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿದ್ದನ್ನು ಹೇಳುವ 543ರ ಶಾಸನವಿದೆ. ಕೆಳಗೆ ಸಾಬೂನಿನ ನೊರೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿದೆ.

ನಿಜವಾದ ಜಳಕ ಬೇಕೆಂದರೆ ಹತ್ತಿರದ ಮಹಾಕೂಟಕ್ಕೇ ಹೋಗಬೇಕು. ಗುಡ್ಡದ ಮಡಿಲಿನ ಮರಗಳ ನೆರಳಿನಲ್ಲಿ ಬುಗ್ಗೆಯ ನೀರು ತುಂಬಿದ ವಿಷ್ಣು ಪುಷ್ಕರಣಿ. ನಡುವೆ ಪುಟ್ಟ ಮಂಟಪ, ಅದರೊಳಗೆ ಮುಖಗಳುಳ್ಳ ಲಿಂಗ. ದಂಡೆಯಿಂದ ಓಡಿ ಬಂದು ಮೊಣಕಾಲು ಮಡಚಿ ಧುಮುಕುವ ಹುಡುಗರು, ಮೂಗು ಹಿಡಿದು ಮೂರು ಮುಳುಗು ಹಾಕುವ ಅಜ್ಜಂದಿರು, ಒದ್ದೆ ಸೀರೆಯಲ್ಲೇ ಪ್ರದಕ್ಷಿಣೆ ಹೊರಟ ಹೆಂಗಸರು. ಇಲ್ಲಿ ಅಳತೆಯಿಲ್ಲ, ಪಾಳಿಯಿಲ್ಲ. ಮನೆಯಲ್ಲಿ ತಂಬಿಗೆ ಎಣಿಸುವ ಮಂದಿ ಕುತ್ತಿಗೆಮಟ ನೀರಿನಲ್ಲಿ ನಿಂತು ಹರಟೆ ಹೊಡೆಯುತ್ತಾರೆ. ಬನಶಂಕರಿಯ ಹೊಂಡದಲ್ಲಿ ನೀರಿದ್ದ ವರ್ಷ ಬನದ ಹುಣ್ಣಿಮೆಯ ಜಾತ್ರೆಗೆ ಬಾಳೆದಿಂಡಿನ ತೆಪ್ಪದಲ್ಲಿ ಕೂಸುಗಳನ್ನು ಮಲಗಿಸಿ ತೇಲಿಸುವ ಹರಕೆಯೂ ಇದೆ. ಈ ಬಯಲುಸೀಮೆಯ ಮಕ್ಕಳ ಮೊದಲ ಜಲಯಾನ ಅದೇ.

ಬಾಗಲಕೋಟೆಯ ಕಥೆ ಬೇರೆ. ಆಲಮಟ್ಟಿಯ ಹಿನ್ನೀರು ಹಳೆ ಊರಿನ ಓಣಿಗಳಿಗೆ ಬಂದಾಗ ಹಂಡೆಯೊಲೆ ಸಮೇತ ಅದೆಷ್ಟೋ ಬಚ್ಚಲುಗಳು ಮುಳುಗಿದವು. ಒಲೆ ಒಡೆದು ಹಂಡೆಯನ್ನಷ್ಟೇ ಎತ್ತಿಕೊಂಡು ಜನ ನವನಗರದ ಸೆಕ್ಟರುಗಳಿಗೆ ಬಂದರು. ಇಲ್ಲಿ ಬಚ್ಚಲಿಗೆ ಚಿಲಕವಿರುವ ಬಾಗಿಲು, ಟೈಲ್ಸು, ಮಾಳಿಗೆಯ ಮೇಲೆ ಸೋಲಾರು. ಹಂಡೆ ಮಾಳಿಗೆಯ ಮೂಲೆಯಲ್ಲಿ ಬೋರಲು ಬಿದ್ದಿರುತ್ತದೆ; ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮಾತ್ರ ಅದನ್ನು ಕೆಳಗಿಳಿಸಿ ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುತ್ತಾರೆ.

ಅಲ್ಲಿ ನಾನು ಕಂಡ ನಿವೃತ್ತ ಮಾಸ್ತರರೊಬ್ಬರು ಭಾನುವಾರ ಬೆಳಿಗ್ಗೆ ಷವರಿನ ತಲೆಯನ್ನು ಬಿಚ್ಚಿ, ಲಿಂಬೆರಸದಲ್ಲಿ ನೆನೆಹಾಕಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಗುಂಡುಸೂಜಿಯಿಂದ ಒಂದೊಂದೇ ತೂತಿನ ಕರೆ ಬಿಡಿಸುತ್ತ ಕೂತಿದ್ದರು. ಮಗ ಹಡಗಿನ ಟಿಕೀಟು ತೆಗೆಸುತ್ತಿದ್ದಾನೆ, ಹೋಗುವುದರೊಳಗೆ ಷವರಿನಲ್ಲಿ ಜಳಕ ಮಾಡುವುದನ್ನು ಕಲಿಯಬೇಕು ಎಂದರು. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು.

“ಬಕೀಟ ತುಂಬೇತ್ರಿ, ಆರತಾವ, ಬರ್ರಿ ಲಗೂನ!”

ಮಾಸ್ತರರು ಗುಂಡುಸೂಜಿಯನ್ನು ಅಂಗಿಗೆ ಸಿಕ್ಕಿಸಿ, ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.